ಗಂಗಾಸಾಗರದಲ್ಲಿ ತಂಗುವ ಮುನ್ನ

ಕೋಲ್ಕತ್ತದಲ್ಲಿ ನೆಲೆಸಿರುವ ನಮ್ಮ ಮನೆಗಳಿಗೆ ಊರಿನಿಂದ ಬರುವ ಹಿರಿಯರು ಕಾಳೀಘಾಟ್, ದಕ್ಷಿಣೇಶ್ವರಗಳ ದರ್ಶನವಾದೊಡನೆ ಗಂಗಾಸಾಗರದ ಮಾತೆತ್ತುತ್ತಾರೆ. ಗಂಗೆ ಕಡಲನ್ನು ಕೂಡುವೆಡೆಯಲ್ಲಿ ಒಮ್ಮೆ ಮಿಂದು ಕಪಿಲಮುನಿಯ ದರ್ಶನ ಪಡೆಯಬೇಕೆಂಬುದು ಅವರ ಬಹುದಿನದ ಬಯಕೆ. ಒಡನೆಯೇ ನಾವು ಕೊಠಡಿಯನ್ನು ಹುಡುಕಲು ತೊಡಗುತ್ತೇವೆ. ಆದರೆ ಸಾಗರವು ದ್ವೀಪ. ಅಲ್ಲಿ ಎಲ್ಲಿ ತಂಗಬೇಕೆಂಬುದನ್ನು ನಿರ್ಣಯಿಸುವುದು ಕೊಠಡಿಯ ಅನುಕೂಲವಲ್ಲ, ನದಿಯ ನೀರು.

ಹಾದಿಯನ್ನು ಗಮನಿಸೋಣ. ಕೋಲ್ಕತ್ತದಿಂದ ದಕ್ಷಿಣಕ್ಕೆ ಸುಮಾರು 90 ಕಿ.ಮೀ. ದೂರದ ಕಾಕದ್ವೀಪಕ್ಕೆ ರಸ್ತೆಯಲ್ಲೂ ಸಿಯಾಲ್ದಾದಿಂದ ರೈಲಿನಲ್ಲೂ ಹೋಗಬಹುದು. ಅಲ್ಲಿನ ಲಾಟ್ ನಂಬರ್ 8 ಘಾಟಿನಿಂದ ಮುರಿಗಂಗಾ ನದಿಯನ್ನು ದಾಟಿದರೆ ಕಚುಬೇರಿಯಾ. ಅಲ್ಲಿಂದ ದ್ವೀಪದ ಉದ್ದಕ್ಕೂ ಸುಮಾರು 30 ಕಿ.ಮೀ. ಸಾಗಿದರೆ ಕಪಿಲಮುನಿಯ ಮಂದಿರ. ನದಿ ದಾಟಲು ಮುಕ್ಕಾಲು ಗಂಟೆ ಸಾಕು; ದೋಣಿಗಾಗಿ ಕಾಯುವ ಹೊತ್ತನ್ನು ಮಾತ್ರ ಮೊದಲೇ ಹೇಳುವಂತಿಲ್ಲ.

ಮುರಿಗಂಗೆಯಲ್ಲಿ ಹೂಳು ಹೆಚ್ಚು. ಇಳಿತದ ವೇಳೆ ನೀರು ತಗ್ಗಿ, ದೋಣಿಗಳ ಓಡಾಟ ಕೆಲವು ಗಂಟೆಗಳ ಕಾಲ ನಿಲ್ಲುವುದುಂಟು. ಬಂಗಾಳಿಗಳು ಉಬ್ಬರವನ್ನು ಜೋಯಾರ್ ಎಂದೂ ಇಳಿತವನ್ನು ಭಾಟಾ ಎಂದೂ ಕರೆಯುತ್ತಾರೆ. ಘಾಟಿನಲ್ಲಿ ಈ ಎರಡು ಪದಗಳು ತಿಳಿದಿದ್ದರೆ ಸಾಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ಅವು ಸುಮಾರು 50 ನಿಮಿಷ ತಡವಾಗುತ್ತವೆ. ಆದ್ದರಿಂದ ಕಳೆದ ವಾರ ಹೋಗಿಬಂದ ಮಿತ್ರರ ವೇಳಾಪಟ್ಟಿ ಈ ವಾರ ನಮಗೆ ಉಪಯೋಗಕ್ಕೆ ಬಾರದು. ಇನ್ನೊಂದು ಸಂಗತಿಯೂ ಇದೆ. ಹಿರಿಯರು ಸ್ನಾನಕ್ಕೆ ಬಯಸುವುದು ಹುಣ್ಣಿಮೆ, ಅಮಾವಾಸ್ಯೆಗಳನ್ನು. ಉಬ್ಬರವು ಅತಿ ಎತ್ತರಕ್ಕೇರುವುದೂ ಇಳಿತವು ಅತಿ ಆಳಕ್ಕಿಳಿಯುವುದೂ ಆ ದಿನಗಳ ಆಸುಪಾಸಿನಲ್ಲೇ.

ಒಂದೇ ದಿನದಲ್ಲಿ ಹೋಗಿಬರಲು ನದಿಯನ್ನು ಎರಡು ಬಾರಿ ದಾಟಬೇಕು. ಇವುಗಳಲ್ಲೊಂದು ಇಳಿತಕ್ಕೆ ಸಿಕ್ಕಿದರೂ ವೃದ್ಧರು ಘಾಟಿನ ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದೀತು. ಆದುದರಿಂದ ಅವರೊಡನೆ ಹೋಗುವವರು ದ್ವೀಪದಲ್ಲಿ ಒಂದು ರಾತ್ರಿ ತಂಗುವುದೇ ಲೇಸು. ಮಂದಿರದ ಸಮೀಪದಲ್ಲಿ ಭಾರತ ಸೇವಾಶ್ರಮ ಸಂಘದ ಆಶ್ರಮ, ರಾಜ್ಯ ಸರ್ಕಾರದ ಯುವ ವಸತಿಗೃಹ, ಖಾಸಗಿ ಹೋಟೆಲುಗಳು ಇವೆ. ಸಂಘದ ಪ್ರಧಾನ ಕಚೇರಿಯು ನಮ್ಮ ಬಾಲಿಗಂಜ್‌ನಲ್ಲೇ ಇರುವುದರಿಂದ ಅಲ್ಲಿ ವಿಚಾರಿಸುವುದು ಸುಲಭ. ನೆಲಮಹಡಿಯ ಕೊಠಡಿ, ಕುಳಿತುಕೊಳ್ಳುವ ಕಮೋಡ್, ಸೊಳ್ಳೆಪರದೆ, ವಿದ್ಯುತ್ತು ಹೋದಾಗ ಜನರೇಟರ್, ಸಸ್ಯಾಹಾರದ ಊಟ, ಇವಿಷ್ಟನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು. ಸಂಜೆಯ ವೇಳೆಗೆ ಘಾಟ್ ತಲುಪಿ ನೀರಿಳಿದಿರುವುದು ಕಂಡರೆ ಹಟ ಹಿಡಿಯದೆ ಕಾಕದ್ವೀಪದಲ್ಲೇ ರಾತ್ರಿ ಕಳೆಯುವುದು ವಿವೇಕ. ತಡವಾಗಿ ಬರುವವರಿಗೂ ಕೊಠಡಿಯನ್ನು ಉಳಿಸಿಡುವರೇ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಂಡಿರಬೇಕು.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನು ಕಂಡವರಿಗೆ ಈ ಲೆಕ್ಕಾಚಾರ ಹೊಸದು. ಅಲ್ಲಿ ರಾತ್ರಿ ತಂಗಲು ಅವಕಾಶವೇ ಇಲ್ಲದ ಕಾರಣ ಸಂಜೆಯೊಳಗೆ ಎಲ್ಲರೂ ದಡ ಸೇರುತ್ತಾರೆ. ಸಾಗರದ್ವೀಪವಾದರೋ ಹಳ್ಳಿಗಳು, ಶಾಲೆಗಳು, ಮಾರುಕಟ್ಟೆಗಳುಳ್ಳ ಜನವಸತಿಯ ನೆಲ. ಅಲ್ಲಿನ ನಿವಾಸಿಗಳೂ ಇದೇ ನೀರಿಗಾಗಿ ಕಾಯುತ್ತಾರೆ.

ಮಕರ ಸಂಕ್ರಾಂತಿಯ ಮೇಳದ ಮಾತು ಬೇರೆ. ಆಗ ಲಕ್ಷಾಂತರ ಯಾತ್ರಿಕರು ಸೇರುವುದರಿಂದ ಕಾಯಂ ಕೊಠಡಿಗಳು ಸಾಲುವುದಿಲ್ಲ. ಹೊಗ್ಲಾ ಎಂಬ ಜೊಂಡಿನಿಂದ ಕಟ್ಟಿದ ತಾತ್ಕಾಲಿಕ ಗುಡಿಸಲುಗಳೇ ಆಶ್ರಯ. ಸಂಕ್ರಾಂತಿಯು ಸೌರಮಾನದ ಹಬ್ಬವಾದ್ದರಿಂದ ಆ ದಿನ ಚಂದ್ರನ ತಿಥಿ ವರ್ಷವರ್ಷಕ್ಕೂ ಬೇರೆಯಾಗಿ, ನೀರಿನ ವೇಳೆಯೂ ಬದಲಾಗುತ್ತದೆ. ಮೊಣಕಾಲು ನೋವಿನ ಹಿರಿಯರಿದ್ದರೆ ಮೇಳ ಮುಗಿದು ಒಂದೆರಡು ವಾರಗಳ ಬಳಿಕ ಹೋಗುವುದೇ ಒಳಿತೆಂದು ನಮ್ಮ ಅಭಿಪ್ರಾಯ.

ಚಂಡಮಾರುತದ ಮಾಸಗಳನ್ನೂ ಮರೆಯಲಾಗದು. 2019ರ ನವೆಂಬರಿನ ಬುಲ್‌ಬುಲ್, 2020ರ ಮೇ ತಿಂಗಳ ಆಂಫನ್, 2021ರ ಮೇ ತಿಂಗಳ ಯಾಸ್ ಮೂರೂ ಈ ದ್ವೀಪವನ್ನು ಬಾಧಿಸಿದವು. ಮುನ್ಸೂಚನೆ ಬಂದೊಡನೆ ದೋಣಿಗಳನ್ನು ನಿಲ್ಲಿಸುತ್ತಾರೆ. ಅಂತಹ ಸಂದರ್ಭದಲ್ಲಿ ಮುಂಗಡ ಹಣ ಮರಳಿ ದೊರೆಯುವುದೇ ಎಂದು ಲಿಖಿತವಾಗಿ ತಿಳಿದುಕೊಳ್ಳುವುದು ಕ್ಷೇಮ.

ಹಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಯಾತ್ರಾಸ್ಥಳಗಳ ಅತಿಥಿಗೃಹಗಳ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ತೆರೆದು ವಂಚಿಸುತ್ತಿರುವುದರ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಆಶ್ರಮದ ಹೆಸರು ಹೇಳಿ ಯಾರದೋ ವೈಯಕ್ತಿಕ ಖಾತೆಗೆ ಹಣ ಕಳುಹಿಸಿರೆಂದರೆ ಕಳುಹಿಸಬಾರದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸಬೇಕು.

ಹೊರಡುವ ಹಿಂದಿನ ದಿನ ಉಬ್ಬರ ಇಳಿತಗಳ ವೇಳೆಯನ್ನು ವಿಚಾರಿಸಿ, ನದಿ ದಾಟುವ ಹೊತ್ತನ್ನು ಗೊತ್ತುಮಾಡಿಕೊಂಡು, ಅದಕ್ಕೆ ಹೊಂದುವಂತೆ ಮನೆ ಬಿಡುವ ವೇಳೆಯನ್ನು ನಿಶ್ಚಯಿಸಬೇಕು. ಮರಳುವ ದಿನಕ್ಕೂ ಇದೇ ಕ್ರಮ. ಹಿರಿಯರ ಔಷಧಿಯನ್ನು ಮಾತ್ರ ಒಂದು ದಿನಕ್ಕೆ ಹೆಚ್ಚಾಗಿಯೇ ಕಟ್ಟಿಕೊಳ್ಳಿರಿ.