ಬೆಂಗಳೂರು ನಂಬರ್ ಒನ್ ಅಂತೆ, ನಿಮ್ಮ ಬೀದಿ?

‘ವಾಸಕ್ಕೆ ಯೋಗ್ಯವಾದ ನಗರಗಳಲ್ಲಿ ಬೆಂಗಳೂರೇ ದೇಶಕ್ಕೆ ನಂಬರ್ ಒನ್’ ಎಂಬ ಮಾತು ನಿಮ್ಮ ಗ್ರೂಪಿಗೂ ಬಂದಿರಬಹುದು. ಕೆಳಗೆ ಯಾರಾದರೊಬ್ಬರು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಫೋಟೊ ಹಾಕಿ ನಕ್ಕಿರುತ್ತಾರೆ. ಹಾಗಾದರೆ ಮಾತು ಸುಳ್ಳೇ?

ಸುಳ್ಳಲ್ಲ, ಆದರೆ ಹಳೆಯದು. ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ‘ಸುಗಮ ಜೀವನ ಸೂಚ್ಯಂಕ’ದಲ್ಲಿ, ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರು ಮೊದಲ ಸ್ಥಾನ ಪಡೆದಿತ್ತು. ಅಂಕ 66.70. ಇದರಲ್ಲಿ ನಗರದ ಆರ್ಥಿಕ ಶಕ್ತಿಗೂ ಅಂಕವಿತ್ತು, ಅಲ್ಲಿ ಬೆಂಗಳೂರು ಉಳಿದವರನ್ನು ಬಹಳ ಹಿಂದೆ ಹಾಕಿತ್ತು. ಜನರನ್ನೇ ಕೇಳಿ ಪಡೆದ ಅಭಿಪ್ರಾಯಕ್ಕೆ ಇದ್ದದ್ದು ಶೇ 30ರಷ್ಟು ತೂಕ ಮಾತ್ರ.

ಫಾರ್ವರ್ಡ್‌ನಲ್ಲಿ ಇಲ್ಲದ ಸಂಗತಿ ಇಲ್ಲಿದೆ. ಆ ಅಭಿಪ್ರಾಯ ಸಮೀಕ್ಷೆಯಲ್ಲಿ 111 ನಗರಗಳ 32 ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದ್ದರು. ಅದರಲ್ಲಿ ಮೊದಲು ಬಂದದ್ದು ಭುವನೇಶ್ವರ, ನಂತರ ಸಿಲ್ವಾಸಾ, ಮೂರನೆಯದು ನಮ್ಮ ದಾವಣಗೆರೆ! ಮೆಟ್ರೊ ಇಲ್ಲ, ಐಟಿ ಪಾರ್ಕ್‌ಗಳ ಸಾಲಿಲ್ಲ, ಆದರೂ ಜನ ಹೆಚ್ಚು ಅಂಕ ಕೊಟ್ಟರು.

ಊರಿಗೆ ಸಿಗುವ ರ‍್ಯಾಂಕ್ ಬೇರೆ, ಅಲ್ಲಿರುವವರ ಸಮಾಧಾನ ಬೇರೆ. ಇದು ಬರೀ ಊರ ಹೆಮ್ಮೆಯ ವಿಷಯವಾಗಿದ್ದರೆ ನಾವು ಬಿಟ್ಟುಬಿಡುತ್ತಿದ್ದೆವು. ಇಂಥ ಪಟ್ಟಿ, ಬಿಲ್ಡರ್‌ಗಳ ಬ್ರೋಷರ್ ನೋಡಿಕೊಂಡು ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುವವರಿದ್ದಾರೆ. ನಾವು ದಿನಾ ಬದುಕುವುದು ನಗರದಲ್ಲಲ್ಲ, ಒಂದು ಕ್ರಾಸಿನಲ್ಲಿ.

ಆ ಕ್ರಾಸಿನ ಮಟ್ಟದಲ್ಲಿ ಏನು ನಡೆಯುತ್ತದೆ ಎಂದು ನೋಡಿದ ಒಂದು ಹಳೆಯ ಅಧ್ಯಯನ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ್ದು. ನಗರ ಯೋಜಕ ಡೊನಾಲ್ಡ್ ಆಪಲ್‌ಯಾರ್ಡ್ ಸುಮಾರು 1970ರ ಹೊತ್ತಿಗೆ ಅಲ್ಲಿನ ಮೂರು ಬೀದಿಗಳನ್ನು ಆರಿಸಿಕೊಂಡರು. ಮನೆಗಳು ನೋಡಲು ಹೆಚ್ಚುಕಡಿಮೆ ಒಂದೇ ತರ. ವ್ಯತ್ಯಾಸ ಟ್ರಾಫಿಕ್‌ನಲ್ಲಿ: ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಕಡಿಮೆ ವಾಹನಗಳ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. ಹೆಚ್ಚು ವಾಹನಗಳ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, ಸರಾಸರಿ 0.9. ಮುಖಪರಿಚಯದವರ ಸಂಖ್ಯೆ 6.3ರಿಂದ 3.1ಕ್ಕೆ ಇಳಿದಿತ್ತು.

‘ನಿಮ್ಮದು ಎನ್ನಿಸುವ ಜಾಗ ಎಲ್ಲಿಯವರೆಗೆ?’ ಎಂದು ನಕ್ಷೆಯ ಮೇಲೆ ಗುರುತಿಸಲು ಹೇಳಿದಾಗ ಮೊದಲ ಬೀದಿಯವರು ಇಡೀ ಬೀದಿಯನ್ನು ಸುತ್ತಿದರು. ಮೂರನೆಯದರವರು ತಮ್ಮ ಮನೆಯಷ್ಟನ್ನೇ.

ಹಾಗಂತ ಎಲ್ಲವನ್ನೂ ವಾಹನಗಳ ತಲೆಗೆ ಕಟ್ಟಲಾಗದು. ಗದ್ದಲದ ಬೀದಿಯಲ್ಲಿ ಬಾಡಿಗೆಯವರು ಹೆಚ್ಚಿದ್ದರು, ಮಕ್ಕಳಿರುವ ಮನೆಗಳು ಕಡಿಮೆ ಇದ್ದವು. ಸ್ನೇಹ ಕಡಿಮೆಯಾಗಲು ಅದೂ ಕಾರಣವಿರಬಹುದು. ಆದರೆ ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇದೇ ಪ್ರಯೋಗ ಮಾಡಿದಾಗಲೂ ಫಲಿತಾಂಶ ಇದೇ ದಿಕ್ಕಿನಲ್ಲಿತ್ತು.

ನಮ್ಮಲ್ಲಿ ಇದಕ್ಕೆ ಅಧ್ಯಯನವೇ ಬೇಕಿಲ್ಲ ಎನ್ನಿ. ಅಡ್ಡರಸ್ತೆಯನ್ನು ‘ಶಾರ್ಟ್‌ಕಟ್’ ಎಂದು ಮ್ಯಾಪ್ ತೋರಿಸಲು ಶುರುವಾದ ಮೇಲೆ ಏನಾಯಿತು, ನೆನಪಿಸಿಕೊಳ್ಳಿ. ಸಂಜೆ ಗೇಟಿನ ಹತ್ತಿರ ನಿಂತು ಮಾತಾಡುವುದು ನಿಲ್ಲುತ್ತದೆ. ಮಕ್ಕಳು ಟೆರೇಸಿಗೆ ಹೋಗುತ್ತಾರೆ. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದ ಕಡೆ, ಖಾಲಿ ಸೈಟಿನ ಕಸದ ಬಗ್ಗೆ ಒಟ್ಟಿಗೆ ದೂರು ಕೊಡುವವರು ಯಾರು?

‘ಒಂದೆರಡು ತಿಂಗಳಲ್ಲಿ ಸದ್ದು ಅಭ್ಯಾಸ ಆಗುತ್ತೆ ಬಿಡಿ’ ಎಂದು ಬ್ರೋಕರ್ ಹೇಳುತ್ತಾರೆ. ಇದನ್ನು ಮಾತ್ರ ನಂಬಬೇಡಿ. ಅಮೆರಿಕದಲ್ಲಿ ಹೊಸ ಹೆದ್ದಾರಿಯ ಪಕ್ಕದವರನ್ನು ಅದು ತೆರೆದ ನಾಲ್ಕು ತಿಂಗಳಿಗೊಮ್ಮೆ, ಹದಿನಾರು ತಿಂಗಳಿಗೊಮ್ಮೆ ಕೇಳಿದಾಗ ಕಿರಿಕಿರಿ ಕಡಿಮೆಯಾಗಿರಲಿಲ್ಲ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ಫೋನಿನ ಉಚಿತ ಆ್ಯಪ್ ಕರಾರುವಾಕ್ಕಾಗಿ ಅಳೆಯದಿದ್ದರೂ ಅಂದಾಜು ಕೊಡುತ್ತದೆ.

ಇನ್ನು ನಿರೀಕ್ಷೆ. 1976ರಲ್ಲಿ ಪ್ರಕಟವಾದ, ಅಮೆರಿಕನ್ನರ ಜೀವನ ಗುಣಮಟ್ಟದ ದೊಡ್ಡ ಅಧ್ಯಯನವೊಂದು ಸಮಾಧಾನವನ್ನು ‘ಬಯಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರ’ ಎಂದೇ ಲೆಕ್ಕ ಹಾಕಿತು. ದಾವಣಗೆರೆಯ ಅಂಕಕ್ಕೆ ಇದೂ ಒಂದು ಕಾರಣ ಇರಬಹುದು ಎಂಬುದು ನಮ್ಮ ಊಹೆ. ಕೋಟಿ ಕೊಟ್ಟು ಫ್ಲಾಟ್ ಕೊಂಡವರು ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಕಾಯುವಾಗ ಆಗುವ ಸಿಟ್ಟು, ಮೊದಲಿಂದಲೂ ಎರಡು ದಿನಕ್ಕೊಮ್ಮೆ ನೀರು ಹಿಡಿದಿಟ್ಟುಕೊಂಡವರಿಗೆ ಆಗದು. ಹಾಗೆಂದು ಎರಡನೆಯವರಿಗೆ ನೀರು ಸಾಕಾಗುತ್ತಿದೆ ಎಂದಲ್ಲ. ಸಮೀಕ್ಷೆಯ ಅಂಕ ಓದುವಾಗ ಈ ಎಚ್ಚರವೂ ಬೇಕು.

ಮನೆ ಹುಡುಕುತ್ತಿದ್ದರೆ ಭಾನುವಾರ ಮಧ್ಯಾಹ್ನ ಹೋಗಿ ನೋಡಿ ಅಡ್ವಾನ್ಸ್ ಕೊಟ್ಟು ಬರಬೇಡಿ. ಆ ಹೊತ್ತಲ್ಲಿ ಎಲ್ಲ ಬೀದಿಯೂ ಚೆನ್ನಾಗಿಯೇ ಕಾಣುತ್ತದೆ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ ನಡೆದು ಬನ್ನಿ. ಬೀದಿದೀಪ ಉರಿಯುತ್ತಿದೆಯೇ, ಆ ಹೊತ್ತಲ್ಲಿ ಹೆಂಗಸರು ಒಬ್ಬೊಬ್ಬರೇ ಓಡಾಡುತ್ತಿದ್ದಾರೆಯೇ ಗಮನಿಸಿ. ಆಮೇಲೆ ಮೂಲೆಯ ಇಸ್ತ್ರಿ ಗಾಡಿಯವರನ್ನು ಮಾತಾಡಿಸಿ: ನೀರು ಯಾವಾಗ ಬರುತ್ತದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಆ ಮನೆಯಿಂದ ಹಿಂದಿನ ಬಾಡಿಗೆಯವರು ಯಾಕೆ ಹೋದರು, ಎಲ್ಲ ಅವರಿಗೆ ಗೊತ್ತಿರುತ್ತದೆ.