ಓರೆ ಅಕ್ಷರ ಆವರಣಕ್ಕೆ ಡಿಕ್ಕಿ ಹೊಡೆಯೋದು ಯಾಕೆ?

ಮಕ್ಕಳೇ, ವಯನಾಡಿನ ತೋಟಗಳಲ್ಲಿ ಕಾಫಿ ಗಿಡ, ಕರಿಮೆಣಸಿನ ಬಳ್ಳಿ ಒಟ್ಟೊಟ್ಟಿಗೆ ಬೆಳೆಯುತ್ತವೆ. ಶಾಲೆಯ ವಿಜ್ಞಾನ ಮೇಳಕ್ಕೆ ಅವುಗಳ ಚಾರ್ಟನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದೀರಿ ಅಂದುಕೊಳ್ಳಿ. ಕರಿಮೆಣಸು ಎಂದು ಬರೆದು, ಪಕ್ಕದ ಆವರಣದಲ್ಲಿ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಹೆಸರು ಹಾಕುತ್ತೀರಿ: ಪೈಪರ್ ನೈಗ್ರಮ್. ವೈಜ್ಞಾನಿಕ ಹೆಸರು ಓರೆ ಅಕ್ಷರದಲ್ಲಿರಬೇಕು ಎಂಬುದು ರೂಢಿ. ಪ್ರಿಂಟ್ ತೆಗೆದರೆ, ಕೊನೆಯ ‘ಮ್’ ಅಕ್ಷರದ ತಲೆ ಮುಚ್ಚುವ ಆವರಣಕ್ಕೆ ತಾಗಿರುತ್ತೆ! ಯಾಕೆ?

ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಆಯತಾಕಾರದ ಪೆಟ್ಟಿಗೆ ಇದ್ದ ಹಾಗೆ. ಪೆಟ್ಟಿಗೆಯ ಪಕ್ಕ ಪೆಟ್ಟಿಗೆ ಇಟ್ಟು ಸಾಲು ಕಟ್ಟುತ್ತದೆ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಓರೆ ಅಕ್ಷರ ಬೇರೆ ಇರುವುದಿಲ್ಲ. ನೇರ ಅಕ್ಷರವನ್ನೇ ತಂತ್ರಾಂಶ ವಾಲಿಸಿಬಿಡುತ್ತೆ. ಅಕ್ಷರ ವಾಲುತ್ತದೆ, ಪೆಟ್ಟಿಗೆಯ ಅಗಲ ಮಾತ್ರ ಹಾಗೇ ಉಳಿಯುತ್ತದೆ.

ಎಷ್ಟು ವಾಲುತ್ತದೆ? ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ಇಟ್ಟು, ಆ ಅಟ್ಟಿಯನ್ನು ಬಲಕ್ಕೆ ಓರೆಯಾಗುವಂತೆ ತಳ್ಳಿ ನೋಡಿ. ತಳದ್ದು ಕದಲುವುದಿಲ್ಲ, ಮೇಲಿನದ್ದು ಹೆಚ್ಚು ಸರಿಯುತ್ತದೆ. ಲೆಕ್ಕ ಸುಲಭ: ಎತ್ತರವನ್ನು ಓರೆ ಕೋನದ ಟ್ಯಾನ್ ಬೆಲೆಯಿಂದ ಗುಣಿಸಿ. 12 ಡಿಗ್ರಿಯ ಟ್ಯಾನ್ ಸುಮಾರು 0.21. ಅಂದರೆ 10 ಮಿ.ಮೀ. ಎತ್ತರದ ಅಕ್ಷರದ ತಲೆ ಸುಮಾರು 2 ಮಿ.ಮೀ. ಬಲಕ್ಕೆ ಹೋಗುತ್ತದೆ.

ಕನ್ನಡದಲ್ಲಿ ಇನ್ನೊಂದು ತಮಾಷೆ ಇದೆ. ‘ಗ್ರ’ದ ಒತ್ತು ಸಾಲಿನ ಗೆರೆಯಿಂದ ಕೆಳಗಿರುತ್ತೆ. ಹಾಗಾಗಿ ತಲೆ ಬಲಕ್ಕೆ ಹೋದರೆ, ಒತ್ತು ಎಡಕ್ಕೆ ಸರಿಯುತ್ತದೆ! 5 ಮಿ.ಮೀ. ಕೆಳಗಿದ್ದರೆ ಸುಮಾರು 1 ಮಿ.ಮೀ.

ಡೊನಾಲ್ಡ್ ಕ್ನೂತ್ ಎಂಬ ಗಣಕ ವಿಜ್ಞಾನಿ 1970ರ ದಶಕದಲ್ಲಿ ರೂಪಿಸಿದ ‘ಟೆಕ್’ ತಂತ್ರಾಂಶ ಇದಕ್ಕೊಂದು ಉಪಾಯ ಇಟ್ಟುಕೊಂಡಿದೆ. ಪ್ರತಿ ಅಕ್ಷರಕ್ಕೂ ಅದು ನಾಲ್ಕು ಅಳತೆ ನೋಡುತ್ತದೆ: ಅಗಲ, ಎತ್ತರ, ಆಳ, ಜೊತೆಗೆ ಓರೆ ತಿದ್ದುಪಡಿ. ಓರೆ ಅಕ್ಷರದ ನಂತರ ನೇರವಾದ ಆವರಣ ಬಂದರೆ ಆ ತಿದ್ದುಪಡಿಯಷ್ಟು ಜಾಗ ಸೇರಿಸಬಹುದು. ಪೂರ್ಣವಿರಾಮ, ಅಲ್ಪವಿರಾಮಗಳ ಮುಂದೆ ಮಾತ್ರ ಬೇಡ. ಅವು ಕೆಳಗೇ ಕೂತಿರುತ್ತವೆ, ತಲೆ ತಾಗುವುದಿಲ್ಲ. ಜಾಗ ಬಿಟ್ಟರೆ ಅಲ್ಲೊಂದು ಸಂದು ಕಾಣುತ್ತೆ. ಟೆಕ್ ಬಳಕೆದಾರರ ಜಾಗತಿಕ ಸಮ್ಮೇಳನ 2002ರಲ್ಲಿ ನಮ್ಮ ಕೇರಳದ ತಿರುವನಂತಪುರದಲ್ಲೇ ನಡೆಯಿತು.

ನಿಮ್ಮ ತಂತ್ರಾಂಶದಲ್ಲಿ ಈ ಸೌಲಭ್ಯ ಇಲ್ಲವೇ? ಮುಚ್ಚುವ ಆವರಣಕ್ಕೆ ಮುಂಚೆ ಒಂದು ತೆಳು ಖಾಲಿ ಜಾಗ ಹಾಕಿ. ಗಿಡದ ಹೆಸರು ತಪ್ಪಿಲ್ಲದೆ ಬರೆದರಷ್ಟೇ ಸಾಲದು, ದೂರದಲ್ಲಿ ನಿಂತವರಿಗೂ ಕೊನೆಯ ಅಕ್ಷರ ಯಾವುದೆಂದು ಗೊತ್ತಾಗಬೇಕು.

ಮಾಡಿ ನೋಡಿ: ಗ್ರಾಫ್ ಹಾಳೆಯಲ್ಲಿ ‘ಗ್ರ’ ಬರೆದು 12 ಡಿಗ್ರಿ ವಾಲಿಸಿ. ತಲೆ ಎಷ್ಟು ಸರಿಯಿತು, ಒತ್ತು ಎಷ್ಟು ಸರಿಯಿತು, ಅಳೆಯಿರಿ.