ಕಿಕ್ಕಿರಿದ ಜಾಲ ಕಲಿತ ಸಂಯಮ

ಕಂಪ್ಯೂಟರ್ ಜಾಲಗಳ ಕುರಿತ ವಿಶ್ವವಿದ್ಯಾಲಯದ ಆರಂಭಿಕ ಪಠ್ಯಕ್ರಮವು ಸಾಮಾನ್ಯವಾಗಿ ವಿವರಿಸುವ ಮೂಲಸಂಗತಿಯೆಂದರೆ, ಅಂತರಜಾಲದಲ್ಲಿ ಸಂದೇಶವು ಇಡಿಯಾಗಿ ಸಾಗದೆ ‘ಪ್ಯಾಕೆಟ್’ ಎಂಬ ಸಣ್ಣ ತುಣುಕುಗಳಾಗಿ ಒಡೆದು, ದಾರಿ ಆಯ್ದುಕೊಡುವ ಯಂತ್ರಗಳಾದ ರೌಟರ್‌ಗಳ ಮೂಲಕ ಹಾದು, ಗುರಿಯಲ್ಲಿ ಮತ್ತೆ ಜೋಡಣೆಗೊಳ್ಳುತ್ತದೆ ಎಂಬುದು. ತುಣುಕುಗಳನ್ನು ವಿಳಾಸದತ್ತ ಒಯ್ಯುವ ನಿಯಮಾವಳಿ ಐಪಿ; ಕಳೆದುಹೋದುದನ್ನು ಗುರುತಿಸಿ ಮರಳಿ ಕಳುಹಿಸುವ ಹೊಣೆ ಟಿಸಿಪಿಯದು.

ಈ ಮರುರವಾನೆಯೇ ಅಪಾಯ ತರಬಲ್ಲದೆಂಬುದು 1986ರ ಅಕ್ಟೋಬರ್‌ನಲ್ಲಿ, ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಸುಮಾರು 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಣ ಸಂಪರ್ಕದ ವೇಗವು ಸೆಕೆಂಡಿಗೆ 32,000 ಬಿಟ್‌ಗಳಿಂದ ಕೇವಲ 40 ಬಿಟ್‌ಗಳಿಗೆ ಕುಸಿದಾಗ ಸ್ಪಷ್ಟವಾಯಿತು. ದಟ್ಟಣೆ ಮಿತಿಮೀರಿದಾಗ ಜಾಲವು ಪ್ಯಾಕೆಟ್‌ಗಳನ್ನು ಕೈಬಿಡುತ್ತಿತ್ತು. ಕಂಪ್ಯೂಟರ್‌ಗಳು ಅವನ್ನೇ ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನು ಇನ್ನಷ್ಟು ಬೆಳೆಸುತ್ತಿದ್ದವು. ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದಂತೆ, ಕಳುಹಿಸುವ ಯಂತ್ರವು ಕಡಿಮೆ ಪ್ರಮಾಣದಿಂದ ಆರಂಭಿಸಿ, ತಲುಪಿದ ಸೂಚನೆ ಬಂದಂತೆಲ್ಲ ಅದನ್ನು ಏರಿಸುತ್ತ, ನಷ್ಟ ಕಂಡೊಡನೆ ಗಣನೀಯವಾಗಿ ತಗ್ಗಿಸಬೇಕು. ಮೇಲ್ವಿಚಾರಕರಾರೂ ಇಲ್ಲದೆ, ಪರಸ್ಪರ ಅರಿಯದ ಯಂತ್ರಗಳು ಒಂದೇ ದಾರಿಯನ್ನು ಹಂಚಿಕೊಳ್ಳುವ ಈ ಏರ್ಪಾಡು ಇಡೀ ವಿಷಯದಲ್ಲೇ ಅತ್ಯಂತ ಸುಂದರವಾದ ಭಾಗವಾಗಿದ್ದು, ಪರೀಕ್ಷೆಯ ಸೂತ್ರವಾಗಿ ಬಾಯಿಪಾಠವಾಗುವುದಕ್ಕಿಂತ ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಾಣಬೇಕಾದುದಾಗಿದೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಬಳಸುವ ‘ಕ್ಯೂಬಿಕ್’ ಎಂಬ ದಟ್ಟಣೆ ನಿಯಂತ್ರಣ ಕ್ರಮವೂ ಇದೇ ಚಿಂತನೆಯ ಮುಂದುವರಿಕೆ.